ಬೆಳ್ಳಕ್ಕಿ ಫೋಟೋದಲ್ಲಿ ಬರೀ ಬಿಳಿ ಕಲೆಯಾಗಿ ಕಾಣುತ್ತದೆ. ಯಾವ ಎಡಿಟಿಂಗ್ ಆ್ಯಪ್‌ನಿಂದ ಸರಿಮಾಡಬಹುದು?

ಯಾವ ಆ್ಯಪ್‌ನಿಂದಲೂ ಆಗುವುದಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ವಾರಗಟ್ಟಲೆ ಒದ್ದಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಸುರಪುರದ ಹತ್ತಿರ ಬೋನಾಳ ಕೆರೆ ಇದೆಯಲ್ಲ, ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಒಂದು ಡಿಸೆಂಬರ್ ಬೆಳಿಗ್ಗೆ ದಂಡೆಯಲ್ಲಿ ಎರಡು ತಾಸು ಅಲುಗಾಡದೆ ಕೂತಿದ್ದೆ. ಒಂದು ಬಾತು ಈಜುತ್ತಾ ತೀರಾ ಹತ್ತಿರ ಬಂತು. ನಲವತ್ತು ಫೋಟೋ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಮೈಯ ಬೂದು ಬಣ್ಣ ಚೆನ್ನಾಗಿದೆ, ತಲೆ ಮಾತ್ರ ಸುಣ್ಣ ಬಳಿದ ಹಾಗಿದೆ. ಆ್ಯಪ್‌ನಲ್ಲಿ ಹೈಲೈಟ್ಸ್, ಅಂದರೆ ತೀರಾ ಬೆಳಗಿದ ಭಾಗಗಳ ಬೆಳಕು, ಇಳಿಸಿದೆ. ಸುಣ್ಣ ಹೋಗಿ ಬೂದಿಯಾಯಿತು ಅಷ್ಟೇ. ಒಂದು ಗರಿಯೂ ಕಾಣಲಿಲ್ಲ.

ತಪ್ಪು ಒಂದೇ: ಕ್ಯಾಮೆರಾ ತೋರಿಸಿದ ಎಕ್ಸ್‌ಪೋಷರನ್ನು, ಅಂದರೆ ಎಷ್ಟು ಬೆಳಕು ಬಿಡಬೇಕೆಂಬ ಲೆಕ್ಕವನ್ನು, ಹಾಗೇ ನಂಬಿದ್ದು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಬಾತು ಗೊತ್ತಿಲ್ಲ. ಫ್ರೇಮಿನ ಮುಕ್ಕಾಲು ಭಾಗ ಕಪ್ಪು ನೀರು. ಅದನ್ನು ನಡುಬೂದು ಬಣ್ಣಕ್ಕೆ ತರಲು ಕ್ಯಾಮೆರಾ ಬೆಳಕು ಜಾಸ್ತಿ ಬಿಡುತ್ತದೆ. ನೀರು ಸರಿಹೋಗುತ್ತದೆ, ಬಿಳಿ ತಲೆ ಬರ್ನ್ ಆಗುತ್ತದೆ, ಅಂದರೆ ವಿವರವಿಲ್ಲದ ಬರೀ ಬಿಳಿಯಾಗುತ್ತದೆ. ನಾನು ಜೆಪೆಗ್‌ನಲ್ಲಿ (ಕ್ಯಾಮೆರಾ ತಾನೇ ತಿದ್ದಿ, ಕುಗ್ಗಿಸಿ ಕೊಡುವ ಫೈಲ್) ತೆಗೆದಿದ್ದೆ. ಅದರಲ್ಲಿ ಒಂದೊಂದು ಬಣ್ಣಕ್ಕೂ 0ರಿಂದ 255ರವರೆಗೆ ಮಾತ್ರ ಜಾಗ. ಕೆಂಪು, ಹಸಿರು, ನೀಲಿ ಮೂರೂ 255 ಮುಟ್ಟಿದರೆ ಅಲ್ಲಿ ಗರಿ ಇತ್ತು ಅನ್ನುವ ಗುರುತೇ ಫೈಲಿನಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಆ್ಯಪ್ ಎಲ್ಲಿಂದ ತರಬೇಕು? ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 1ಕ್ಕೆ ಇಟ್ಟಿದ್ದರೆ ಬೆಳಕು ಅರ್ಧವಾಗುತ್ತಿತ್ತು. ಚಕ್ರ ಮೂರು ಕ್ಲಿಕ್ ತಿರುಗಿಸುವ ಕೆಲಸ. ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ಕ್ಯಾಮೆರಾ ತೋರಿಸುವ ಗ್ರಾಫ್) ಬಲಗಡೆಯ ಅಂಚಿಗೆ ಒತ್ತಿಕೊಂಡಿತ್ತು, ನಲವತ್ತರಲ್ಲಿ ಒಂದು ಸಲವೂ ನೋಡಲಿಲ್ಲ.

ಆದ್ದರಿಂದ ಆ್ಯಪ್ ಹುಡುಕುವುದು ಬಿಡಿ. ರಾ ಫೈಲ್ ತೆಗೆಯಿರಿ, ಅದರಲ್ಲಿ ಸೆನ್ಸರ್ ಹಿಡಿದ ಮಾಹಿತಿ ಜೆಪೆಗ್‌ಗಿಂತ ಹೆಚ್ಚು ಉಳಿದಿರುತ್ತದೆ. ಕಪ್ಪು ನೀರಿನಲ್ಲಿ ಬೆಳ್ಳಕ್ಕಿ ಇದ್ದರೆ ಮೈನಸ್ 1ರಿಂದ ಶುರು ಮಾಡಿ, ಹಿಸ್ಟೋಗ್ರಾಂ ನೋಡಿ ಹೊಂದಿಸಿ. ನೀರು ಕಪ್ಪಾದರೆ ಆಗಲಿ, ಆಮೇಲೆ ಸ್ವಲ್ಪ ಎತ್ತಬಹುದು. ಬಿಳಿ ಆಕಾಶದ ಎದುರು ನೀರುಕಾಗೆ ಹಾರುತ್ತಿದ್ದರೆ ಇದು ಉಲ್ಟಾ, ಪ್ಲಸ್ 1 ಬೇಕಾಗುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ನಲ್ಲಿಡಿ, ಎಡಿಟ್ ಮಾಡುವಾಗ ಗರಿ ಬಿಳಿಯಾಗಲಿ ಅಂತ ಅದರ ಮೇಲೆ ಡ್ರಾಪರ್ (ಒತ್ತಿದ ಜಾಗವನ್ನು ಬಣ್ಣವಿಲ್ಲದ ಬಿಳಿ-ಬೂದು ಮಾಡುವ ಉಪಕರಣ) ಒತ್ತಬೇಡಿ. ಬೋನಾಳದಲ್ಲಿ ಬಿಸಿಲೇರುವ ಮುಂಚೆ ಬಿಳಿ ಗರಿಗೂ ಹೊಂಬಣ್ಣ ಹತ್ತಿರುತ್ತದೆ. ಅದು ಅವತ್ತಿನ ಬೆಳಕು, ಹಾಗೇ ಇರಲಿ.