ದೊಡ್ಡ ಕ್ಲಬ್ ಬಿಟ್ಟು ಕೆಳ ಡಿವಿಷನ್‌ಗೆ ಹೋಗುವುದು ತಪ್ಪಾ?

ಸುಂಟಿಕೊಪ್ಪದ ನಿಮ್ಮ ತಮ್ಮನಿಗೆ 19 ವರ್ಷ, ದೊಡ್ಡ ಫುಟ್‌ಬಾಲ್ ಕ್ಲಬ್‌ನ ರಿಸರ್ವ್ ತಂಡ ಬಿಟ್ಟು ಕೆಳ ಡಿವಿಷನ್ ಕ್ಲಬ್ಬಿಗೆ ಹೋಗುತ್ತೇನೆ ಅಂತಿದ್ದಾನೆ, ಬಿಡಬಹುದಾ ಅಂತ ಕೇಳಿದ್ದೀರಿ.

ಅಲ್ಲಿ ಆಡಲು ಸಿಗುತ್ತದೆ ಅಂತಾದರೆ ಹೋಗಲು ಬಿಡಿ. ಈ ವಯಸ್ಸಿನಲ್ಲಿ ಬೆಂಚ್ ಮೇಲೆ ಕೂತು ಒಂದು ವರ್ಷ ಕಳೆದರೆ ಅದು ವಾಪಸ್ ಬರುವುದಿಲ್ಲ. ಇಂಗ್ಲೆಂಡಿನ ಸ್ಟಾರ್ ಆಟಗಾರ ಹ್ಯಾರಿ ಕೇನ್ ಕೂಡ 2011ರ ಜನವರಿಯಲ್ಲಿ, 17ರ ಹುಡುಗನಾಗಿ, ದೊಡ್ಡ ಕ್ಲಬ್ ಟಾಟನ್‌ಹ್ಯಾಮ್‌ನಿಂದ ಮೂರನೇ ಹಂತದ ಕ್ಲಬ್ ಲೇಟನ್ ಓರಿಯೆಂಟ್‌ಗೆ ಹೋಗಿದ್ದರು. 18 ಪಂದ್ಯ, 5 ಗೋಲು. ಆದರೆ ಅವರು ಹೋಗಿದ್ದು ಲೋನ್ ಮೇಲೆ, ಅಂದರೆ ತನ್ನ ಕ್ಲಬ್ಬಿನ ಆಟಗಾರನಾಗಿಯೇ ಉಳಿದು, ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಆಡಲು. ವಾಪಸ್ ಬರುವ ದಾರಿ ಇತ್ತು. ಹಾಗಾಗಿ ತಮ್ಮನೂ ಮೊದಲು ಲೋನ್ ಕೇಳಲಿ. ಆಗಲ್ಲ ಅಂದರೆ ಆಮೇಲೆ ಬಿಡುವ ಯೋಚನೆ.

ನನಗೆ ಭಯ ಇರುವುದು ಒಪ್ಪಂದದ ಕಾಗದದ ವಿಷಯದಲ್ಲಿ. ಮಡಿಕೇರಿಯ ನಮ್ಮ ಹುಡುಗನೊಬ್ಬ ಹೀಗೇ ಹೋಗಿದ್ದ. ಮೂರು ತಿಂಗಳು ಸಂಬಳವೇ ಬರಲಿಲ್ಲ. ಮಳೆಗಾಲದಲ್ಲಿ ಊರಿಗೆ ಬಂದವನು ಒದ್ದೆ ಬೂಟಿನೊಳಗೆ ಪೇಪರ್ ತುರುಕಿ ಒಲೆ ಪಕ್ಕ ಇಡುತ್ತಾ, "ಅಣ್ಣಾ, ಓದದೆ ಸೈನ್ ಹಾಕಿಬಿಟ್ಟೆ" ಅಂದ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಆಟಗಾರ ಬರಹದಲ್ಲಿ ಕನಿಷ್ಠ 15 ದಿನದ ಗಡುವು ಕೊಟ್ಟು, ಆಗಲೂ ಹಣ ಬರದಿದ್ದರೆ ಒಪ್ಪಂದ ಮುರಿಯಬಹುದು. ಇದು ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಮಂಡಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದ್ದು ಅನ್ನುವುದನ್ನೂ ಸೈನ್ ಹಾಕುವ ಮೊದಲೇ ಬರೆಸಿಕೊಳ್ಳಿ.