ಕಬ್ಬಿನ ಟ್ರೇಲರ್ ಪಿನ್ ಯಾಕೆ ಮುರಿಯಿತು?

ನಮಸ್ಕಾರ್ರೀ ಅಣ್ಣಾರೆ. ಈ ಹಂಗಾಮಿನಲ್ಲಿ ಎರಡು ಸಲ ಟ್ರೇಲರನ್ನು ಟ್ರ್ಯಾಕ್ಟರ್ ಹಿಂದಿನ ಹುಕ್ಕಿಗೆ ಜೋಡಿಸುವ ಪಿನ್ ಮುರಿಯಿತು, ಇನ್ನೂ ದಪ್ಪ ಪಿನ್ ಮಾಡಿಸಲೇ ಅಂತ ಕೇಳಿದ್ದೀರಿ. ಬೇಡ. ಪಿನ್ ಗಟ್ಟಿಯಾದರೆ ಮುಂದಿನ ಸಲ ಹುಕ್ಕೇ ಕಿತ್ತು ಬರುತ್ತದೆ. ಮೊದಲು ಆ ಹೊಸ ಡ್ರೈವರ್ ಹುಡುಗನ ಎಡಗಾಲು ನೋಡಿ, ಕ್ಲಚ್ ಹೇಗೆ ಬಿಡುತ್ತಾನೆ ಅಂತ.

ಮಗಳು ಒಂಬತ್ತನೇ ಕ್ಲಾಸ್ ಅಂದಿರಿ, ಅಲ್ವಾ? ಅವಳ ವಿಜ್ಞಾನ ಪುಸ್ತಕದಲ್ಲೇ ಇದಕ್ಕೆ ಉತ್ತರ ಇದೆ. ಬಲ = ರಾಶಿ × ವೇಗೋತ್ಕರ್ಷ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಎರಡನೇ ನಿಯಮದಿಂದ ಬಂದದ್ದು. ರಾಶಿ ಅಂದರೆ ಇಲ್ಲಿ ಕಣದಲ್ಲಿ ಮಾಡುವ ಜೋಳದ ರಾಶಿ ಅಲ್ಲ, ಕಿಲೋದಲ್ಲಿ ಅಳೆಯುವ ದ್ರವ್ಯರಾಶಿ. ವೇಗೋತ್ಕರ್ಷ ಅಂದರೆ ಸೆಕೆಂಡಿಗೆ ವೇಗ ಎಷ್ಟು ಬದಲಾಯಿತು ಅನ್ನುವುದು. ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. 100 ಗ್ರಾಂ ಬೆಲ್ಲ ಅಂಗೈ ಮೇಲಿಟ್ಟರೆ ಅದು ಒತ್ತುವುದು ಸುಮಾರು 1 ನ್ಯೂಟನ್.

ಈಗ ನಿಮ್ಮ ಗಾಡಿ. ಎರಡೂ ಟ್ರೇಲರ್ ಕಬ್ಬು ಸೇರಿ 24 ಟನ್ ಅಂದುಕೊಳ್ಳೋಣ, ಅಂದರೆ 24,000 ಕಿಲೋ. ನಿಂತ ಗಾಡಿ ಗಂಟೆಗೆ 3.6 ಕಿಲೋಮೀಟರ್ ವೇಗಕ್ಕೆ ಬರಬೇಕು. ಮನುಷ್ಯ ನಿಧಾನಕ್ಕೆ ನಡೆಯುವ ವೇಗ ಅದು, ಸೆಕೆಂಡಿಗೆ 1 ಮೀಟರ್. ಕ್ಲಚ್ ಮೆಲ್ಲಗೆ ಬಿಟ್ಟು 4 ಸೆಕೆಂಡ್ ತಗೊಂಡರೆ ವೇಗೋತ್ಕರ್ಷ 0.25, ಪಿನ್ ಮೇಲೆ 6,000 ನ್ಯೂಟನ್. 600 ಕಿಲೋ ಜೋತು ಬಿಟ್ಟಂತೆ. ಅದೇ ಕೆಲಸ ಅರ್ಧ ಸೆಕೆಂಡಿನಲ್ಲಿ ಆಗಬೇಕು ಅಂದರೆ 48,000 ನ್ಯೂಟನ್, ಹತ್ತಿರ ಹತ್ತಿರ 5 ಟನ್! ಗಾಡಿ ಅದೇ, ಕಬ್ಬು ಅದೇ, ವೇಗವೂ ಅದೇ. ಸಮಯ ಎಂಟರಲ್ಲಿ ಒಂದು ಪಾಲಾಯಿತು, ಜಗ್ಗು ಎಂಟು ಪಟ್ಟಾಯಿತು. ಇದು ಬರೀ ಗಾಡಿ ಏಳಿಸುವ ಲೆಕ್ಕ. ನಮ್ಮ ಮುಧೋಳ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಗಾಲಿ ಹೂತಿದ್ದರೆ ಅದರ ಜಗ್ಗು ಬೇರೆ ಕೂಡಿಸಿಕೊಳ್ಳಿ.

ಇಷ್ಟು ಬಲ ಟ್ರ್ಯಾಕ್ಟರ್‌ಗೆ ಎಲ್ಲಿಂದ ಬರಬೇಕು ಅಂತೀರಾ? ನಿಜ, ಸುಮ್ನೆ ಎಳೆದರೆ ಬರುವುದಿಲ್ಲ. ಹಿಂದಿನ ಗಾಲಿ ಜಾರುತ್ತದೆ, ಇಲ್ಲವೇ ಮುಂದಿನ ಗಾಲಿ ಮೇಲೇಳುತ್ತದೆ. ಆದರೆ ಹುಕ್ಕಿನ ತೂತು ಸವೆದು ಸಡಿಲಾಗಿದ್ದರೆ ಕಥೆ ಬೇರೆ. ಟ್ರ್ಯಾಕ್ಟರ್ ಒಂದೆರಡು ಇಂಚು ಖಾಲಿ ಓಡಿ, ವೇಗ ಹಿಡಿದು, ಆಮೇಲೆ ಧಡ್ ಅಂತ ಪಿನ್ನಿಗೆ ಬಡಿಯುತ್ತದೆ. ಆ ಬಡಿತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಅದಕ್ಕೇ ಅಷ್ಟು ಜೋರು. ಎರಡೂ ಸಲ ಟ್ರ್ಯಾಕ್ಟರ್ ಹಿಂದಿನ ಈ ಪಿನ್ನೇ ಯಾಕೆ ಹೋಯಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು ನೋಡಿ. ಅದರ ಹಿಂದೆ 24 ಟನ್ ಇದೆ, ಎರಡು ಟ್ರೇಲರ್ ನಡುವಿನ ಪಿನ್ನಿನ ಹಿಂದೆ 12 ಮಾತ್ರ.

ಹುಡುಗನಿಗೆ ಇಷ್ಟು ಹೇಳಿ: ಚಿಕ್ಕ ಗೇರು ಹಾಕು, ಕ್ಲಚ್ ಸ್ವಲ್ಪ ಬಿಟ್ಟು ಸಡಿಲು ಬಿಗಿಯಾಗಲಿ, ಆಮೇಲೆ ಪೂರ್ತಿ ಬಿಡು. ಮೊದಲು ಆಕ್ಸಿಲೇಟರ್ ತುಳಿದು ಸದ್ದು ಮಾಡುವ ಶೋಕಿ ಬೇಡ. ನಾನೂ ಆ ವಯಸ್ಸಿನಲ್ಲಿ ಮಾಡಿದವನೇ, ಅಪ್ಪನ ಕೈಲಿ ಬೈಸಿಕೊಂಡಿದ್ದೇನೆ.

ನೀವು ಕೇಳಲಿಲ್ಲ, ಆದರೂ ಬ್ರೇಕ್ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ, ಎಲ್ಲ ಭಾರ ಟ್ರ್ಯಾಕ್ಟರ್ ಬ್ರೇಕೇ ಹಿಡಿಯಬೇಕು. ಟ್ರ್ಯಾಕ್ಟರೂ ಸೇರಿ ಖಾಲಿ ಗಾಡಿ 6.5 ಟನ್, ತುಂಬಿದ್ದು 26.5 ಅಂದುಕೊಳ್ಳಿ. ಬ್ರೇಕಿನ ಬಲ 13,000 ನ್ಯೂಟನ್ ಇದ್ದರೆ, ಸಮ ರಸ್ತೆಯಲ್ಲಿ 18 ಕಿಲೋಮೀಟರ್ ವೇಗದಲ್ಲಿ ಖಾಲಿ ಗಾಡಿ 6 ಮೀಟರ್ ದಾಟುವಷ್ಟರಲ್ಲಿ ನಿಲ್ಲುತ್ತದೆ. ತುಂಬಿದ್ದಕ್ಕೆ 25 ಮೀಟರ್ ಬೇಕು. ವೇಗ 36 ಆದರೆ 100 ಮೀಟರ್ ಮೇಲೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ, ಹಾಗಾಗಿ ನ್ಯೂಟ್ರಲ್ ಮಾಡಿ ಇಳಿಸುವುದು ಬೇಡವೇ ಬೇಡ. ರಸ್ತೆಗೆ ಬರುವ ಮೊದಲು ಎಡ, ಬಲ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕಿಸಿ.

ಹುಕ್ಕಿನ ತೂತು ಎಷ್ಟು ಸವೆದಿದೆ, ಒಂದು ಫೋಟೋ ಹಾಕಿ ಅಣ್ಣಾರೆ. ಬುಷ್ (ತೂತಿನೊಳಗೆ ಕೂರಿಸುವ ಬಳೆ) ಹಾಕಿಸಿದರೆ ಸಾಕೋ, ಹುಕ್ಕೇ ಬದಲಿಸಬೇಕೋ ನೋಡೋಣ.