ಕಡಲಿಗೆ ಮರಳು ಸುರಿದರೆ ಕಡಲು ಅವರದಾಗುತ್ತದೆಯೇ?

ಪ್ರಶ್ನೆ: ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಮರಳು ಸುರಿದು ದ್ವೀಪಗಳನ್ನೇ ಕಟ್ಟಿದೆಯಂತೆ. ಹಾಗೆ ಕಟ್ಟಿದರೆ ಸುತ್ತಲಿನ ನೀರೂ ಅವರದಾಗುತ್ತದೆಯೇ? ಯುದ್ಧ ಬಂದರೆ ನಾಲ್ಕು ಕ್ಷಿಪಣಿಗೆ ಮುಗಿದುಹೋಗುವ ಜಾಗಕ್ಕೆ ಅಷ್ಟು ಖರ್ಚೇಕೆ? ನಮ್ಮಲ್ಲೂ ಅಂಜುದೀವ ನಡುಗಡ್ಡೆಗೆ ಕಲ್ಲು ಹಾಕಿ ಜೋಡಿಸಿದ್ದಾರೆ, ಎರಡೂ ಒಂದೇ ಅಲ್ಲವೇ?
– ಬೋಟ್ ಮಾಲೀಕರೊಬ್ಬರು, ಬೈತಖೋಲ, ಕಾರವಾರ

ಉತ್ತರ: ಕೊನೆಯದನ್ನು ಮೊದಲು ಮುಗಿಸುತ್ತೇನೆ. ಒಂದೇ ಅಲ್ಲ. ಅಂಜುದೀವ ಹುಟ್ಟಾ ನಡುಗಡ್ಡೆ, ನಮ್ಮ ದಡದ ಮಗ್ಗುಲಲ್ಲೇ ಇದೆ, ಬೇರೆ ದೇಶದ ತಕರಾರಿಲ್ಲ. ಕದಂಬ ನೌಕಾನೆಲೆಗಾಗಿ ಹಾಕಿದ ತಡೆಗೋಡೆ ಬಂದರಿನ ಕಾಮಗಾರಿ. ಅದಕ್ಕಾಗಿ ಊರು ಬಿಟ್ಟವರ ಅಹವಾಲು ಸಣ್ಣದಲ್ಲ, ಆದರೆ ಅದು ನಮ್ಮೊಳಗಿನ ವ್ಯವಹಾರ.

ಕಾನೂನು ಸ್ಪಷ್ಟವಾಗಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 60ನೇ ವಿಧಿಯಂತೆ ಮನುಷ್ಯ ಕಟ್ಟಿದ ದ್ವೀಪಕ್ಕೆ ಸ್ವಂತ ಜಲಗಡಿ ಇಲ್ಲ. ಸುತ್ತ 500 ಮೀಟರ್ ಸುರಕ್ಷತಾ ವಲಯ, ಅಷ್ಟೇ. 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ಫಿಲಿಪ್ಪೀನ್ಸ್ ತಂದ ದಾವೆಯಲ್ಲಿ, ಚೀನಾ ಮರಳು ಸುರಿದ ಹವಳ ದಿಬ್ಬಗಳಲ್ಲೊಂದಾದ ಮಿಸ್ಚೀಫ್ ರೀಫ್ ಉಬ್ಬರಕ್ಕೆ ಮುಳುಗುವಂಥದ್ದು, ಅದಿರುವುದು ಫಿಲಿಪ್ಪೀನ್ಸ್‌ನ ಆರ್ಥಿಕ ವಲಯದಲ್ಲಿ (ಮೀನು ಮೊದಲಾದ ಸಂಪತ್ತಿನ ಹಕ್ಕು ಆ ದೇಶಕ್ಕೇ ಇರುವ ನೀರಿನಲ್ಲಿ) ಎಂದು ಹೇಳಿತು. ಚೀನಾ ಒಪ್ಪಲಿಲ್ಲ. ತೀರ್ಪನ್ನು ಜಾರಿ ಮಾಡಲು ಆ ಮಂಡಳಿಯ ಬಳಿ ಪೊಲೀಸರಿಲ್ಲ.

ಕ್ಷಿಪಣಿಯ ಮಾತೂ ಸರಿ. ಹಡಗು ಜಾಗ ಬದಲಿಸಬಹುದು, ದ್ವೀಪ ಎಲ್ಲಿಗೆ ಓಡೀತು? ಆದರೆ ಈ ದ್ವೀಪಗಳ ನಿಜವಾದ ಕೆಲಸ ಯುದ್ಧವಿಲ್ಲದ ದಿನಗಳದ್ದು ಎಂದು ನನ್ನ ಅಭಿಪ್ರಾಯ. ನಿಮ್ಮ ಬೋಟಿನ ಲೆಕ್ಕದಲ್ಲೇ ನೋಡಿ: ಡೀಸೆಲ್, ಐಸ್, ಕುಡಿಯುವ ನೀರು ತೀರಿದರೆ ಮೀನು ಎಷ್ಟೇ ಇದ್ದರೂ ದಡಕ್ಕೆ ತಿರುಗಲೇಬೇಕು. ಗಸ್ತು ಹಡಗಿಗೂ ಇದೇ ಪಾಡು. ಮಿಸ್ಚೀಫ್ ರೀಫ್ ಫಿಲಿಪ್ಪೀನ್ಸ್‌ನ ಪಲಾವನ್‌ನಿಂದ ಸುಮಾರು 125 ನಾಟಿಕಲ್ ಮೈಲಿ. ಚೀನಾದ ಹೈನಾನ್‌ನಿಂದ ಸುಮಾರು 600. ಈ ದೂರವನ್ನೇ ಚೀನಾ ಮರಳು ಹಾಕಿ ಮುಚ್ಚಿತು. 2013ರ ಕೊನೆಯಿಂದ ಡ್ರೆಜರ್‌ಗಳು ಹವಳದ ತಳವನ್ನು ಕೊರೆದು ಪೈಪಿನಲ್ಲಿ ದಿಬ್ಬದ ಮೇಲೆ ಉಗುಳಿದವು. ಏಳು ಕಡೆ ಸೇರಿ ಸುಮಾರು 3,200 ಎಕರೆ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಅಂದಾಜು. ಇವುಗಳ ಪೈಕಿ ಫಿಯರಿ ಕ್ರಾಸ್, ಸೂಬಿ, ಮಿಸ್ಚೀಫ್‌ಗಳಲ್ಲಿ ಬಂದರು, ರಾಡಾರ್, ಸುಮಾರು ಮೂರು ಕಿಲೋಮೀಟರ್ ಉದ್ದದ ರನ್‌ವೇ ಎಲ್ಲವೂ ಇವೆ. ಗಸ್ತು ಹಡಗುಗಳು ಈಗ ಊರಿಗೆ ಮರಳುವ ತುರ್ತಿಲ್ಲದೆ ಅಲ್ಲೇ ಬೀಡುಬಿಡುತ್ತವೆ.

ಅವುಗಳ ಬೆನ್ನಿಗೆ ಬಲೆಯನ್ನೇ ಬಿಡದ ‘ಮೀನುಗಾರಿಕಾ’ ದೋಣಿಗಳೂ ಇರುತ್ತವೆ. 2021ರ ಮಾರ್ಚ್‌ನಲ್ಲಿ ಅದೇ ಸಮುದ್ರದ ವಿಟ್ಸನ್ ರೀಫ್ ಬಳಿ ಇಂಥ ಇನ್ನೂರಷ್ಟು ದೋಣಿಗಳು ಸಾಲುಗಟ್ಟಿ ನಿಂತಿದ್ದವು. ಗುಂಡು ಹಾರಿಸಬೇಕಾಗಿಲ್ಲ, ಎದುರಾಳಿಯ ಮೀನುಗಾರ ತಾನಾಗಿ ಬರುವುದನ್ನು ಬಿಟ್ಟರೆ ಸಾಕು. ಅಂದ ಹಾಗೆ, 1995ರಲ್ಲಿ ಮಿಸ್ಚೀಫ್‌ನಲ್ಲಿ ಕಂಬಗಳ ಮೇಲೆ ಮೊದಲ ಶೆಡ್ಡುಗಳು ಎದ್ದಾಗ ಚೀನಾ ಕೊಟ್ಟ ವಿವರಣೆ: ಮೀನುಗಾರರಿಗೆ ಆಸರೆ!

ಇದರ ಬೆಲೆಯನ್ನೂ ಚೀನಾ ತೆರುತ್ತಿದೆ. ಫಿಲಿಪ್ಪೀನ್ಸ್ ಅಮೆರಿಕದ ಸೇನೆಗೆ ಬಳಸಲು ಕೊಟ್ಟ ನೆಲೆಗಳು 2023ರಲ್ಲಿ ಐದರಿಂದ ಒಂಬತ್ತಾದವು. ವಿಯೆಟ್ನಾಂ ತಾನೂ ತನ್ನ ದಿಬ್ಬಗಳಿಗೆ ಮರಳು ತುಂಬಿಸುತ್ತಿದೆ. ಹವಳವಂತೂ ಸತ್ತಿತು.

ಪ್ರಶ್ನೆ: ಭಾರತ ಇದರಲ್ಲಿ ಯಾರ ಪರ?
– ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ದ್ವೀಪಗಳ ಒಡೆತನದಲ್ಲಿ ಯಾರ ಪರವೂ ಇಲ್ಲ, ಕಾನೂನಿನ ಪರ ಎನ್ನುತ್ತದೆ. 2016ರಲ್ಲಿ ತೀರ್ಪನ್ನು ‘ಗಮನಿಸಿದ್ದೇವೆ’ ಎಂದಷ್ಟೇ ಹೇಳಿದ್ದ ದೆಹಲಿ, 2023ರ ಜೂನ್‌ನ ಭಾರತ–ಫಿಲಿಪ್ಪೀನ್ಸ್ ಜಂಟಿ ಹೇಳಿಕೆಯಲ್ಲಿ ಅದನ್ನು ಪಾಲಿಸಬೇಕು ಎಂಬಲ್ಲಿಗೆ ಬಂದಿತು. ನಡುವೆ 2022ರಲ್ಲಿ ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿ ಮಾರಾಟದ ಒಪ್ಪಂದವೂ ಆಯಿತು. ಹೀಗೆ ಹೇಳುವ ಹಕ್ಕು ನಮಗಿದೆ: 2014ರಲ್ಲಿ ಬಾಂಗ್ಲಾದೇಶದ ಜತೆಗಿನ ಬಂಗಾಳ ಕೊಲ್ಲಿಯ ಗಡಿ ವ್ಯಾಜ್ಯದಲ್ಲಿ ಇಂಥದೇ ನ್ಯಾಯಮಂಡಳಿ ತಕರಾರಿನ 25,602 ಚದರ ಕಿ.ಮೀ.ಗಳಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಾಗ ಭಾರತ ತೀರ್ಪನ್ನು ಒಪ್ಪಿಕೊಂಡಿತು.